ಪದೇ ಪದೇ ತಪ್ಪುವ ಭುಜ: ಹೊಲಿಯುವ ಮೊದಲು ಮೂಳೆ ಅಳೆಯಿರಿ

ಹದಿಹರೆಯದಲ್ಲಿ ಒಮ್ಮೆ ತಪ್ಪಿದ ಭುಜ ಮತ್ತೆ ತಪ್ಪುವುದೇ ಹೆಚ್ಚು. ತೋಳುಮೂಳೆಯ ತುದಿಯ ಗುಂಡು ಮುಂದಕ್ಕೆ ಜಾರುವಾಗ, ಅದು ಕೂರುವ ಹೆಗಲಮೂಳೆಯ ಬಟ್ಟಲಿನ ಅಂಚಿನ ಲೇಬ್ರಮ್ ಎಂಬ ಪಟ್ಟಿಯನ್ನು ಕಿತ್ತಿರುತ್ತದೆ; ಬ್ರಿಟಿಷ್ ಶಸ್ತ್ರವೈದ್ಯ ಬ್ಯಾಂಕಾರ್ಟ್ 1923ರಲ್ಲಿ ವಿವರಿಸಿದ್ದು ಈ ಗಾಯವನ್ನೇ. ಈಗ ಆರ್ತ್ರೋಸ್ಕೋಪಿಯಲ್ಲಿ (ಸಣ್ಣ ರಂಧ್ರದಿಂದ ಕೀಲಿನೊಳಗೆ ಕ್ಯಾಮೆರಾ ಇಳಿಸಿ) ಆ ಪಟ್ಟಿಯನ್ನು ಬಿಡಿಸಿಕೊಂಡು, ಅಂಚಿನ ಮೂಳೆಯನ್ನು ರಕ್ತ ಜಿನುಗುವಷ್ಟು ಕೆರೆದು, ದಾರ ಕಟ್ಟಿದ ಮೂರು–ನಾಲ್ಕು ಸಣ್ಣ ಮೊಳೆಗಳನ್ನು (ಆಂಕರ್) ಮೂಳೆಯಲ್ಲಿ ಕೂರಿಸಿ, ಅವುಗಳ ದಾರದಿಂದ ಮೇಲಕ್ಕೆಳೆದು ಕಟ್ಟುತ್ತಾರೆ.

ದಾರ ಗಟ್ಟಿಯಿದ್ದರೂ ಕೆಲವರ ಭುಜ ಮತ್ತೆ ತಪ್ಪುತ್ತದೆ. ಕಾರಣ ಮೂಳೆ. ತಪ್ಪಿದಾಗಲೆಲ್ಲ ಬಟ್ಟಲಿನ ಮುಂಭಾಗ ಸವೆಯುತ್ತದೆ, ಗುಂಡಿನ ಹಿಂಬದಿಯಲ್ಲಿ ಕುಳಿ ಬೀಳುತ್ತದೆ. ಶಸ್ತ್ರವೈದ್ಯರಾದ ಬರ್ಕ್‌ಹಾರ್ಟ್ ಮತ್ತು ಡಿ ಬೀರ್ 2000ದಲ್ಲಿ ಇಂಥ 194 ರಿಪೇರಿಗಳ ಲೆಕ್ಕ ಕೊಟ್ಟರು: ದೊಡ್ಡ ಮೂಳೆ ನಷ್ಟವಿಲ್ಲದವರಲ್ಲಿ ಮತ್ತೆ ತಪ್ಪಿದ್ದು ಶೇ. 4, ಇದ್ದವರಲ್ಲಿ ಶೇ. 67. ಹಾಗಾಗಿ ಹಲವು ಸಲ ತಪ್ಪಿದ ಭುಜಕ್ಕೆ ಎಂಆರ್‌ಐ ಒಂದೇ ಸಾಲದು, ತ್ರೀಡಿ ಸಿಟಿ ಸ್ಕ್ಯಾನ್ ಬೇಕು. ಬಟ್ಟಲಿನ ಕೆಳಭಾಗಕ್ಕೆ ಹೊಂದುವ ವೃತ್ತ ಎಳೆದು, ಎಷ್ಟು ಖಾಲಿಯಿದೆಯೆಂದು ಅಳೆಯುತ್ತಾರೆ. ಶೇ. 20–25 ಹೋಗಿದ್ದರೆ ಬರೀ ಹೊಲಿಗೆ ನಂಬುವಂತಿಲ್ಲ. ಕಬಡ್ಡಿ, ಕುಸ್ತಿ ಆಡುವವರಲ್ಲಿ ಅದಕ್ಕಿಂತ ಕಡಿಮೆ ನಷ್ಟವನ್ನೂ ಹಗುರವಾಗಿ ಕಾಣಬಾರದು.

ಆಗ ಲಾತಾರ್ಜೆ ಶಸ್ತ್ರಚಿಕಿತ್ಸೆ. ಫ್ರಾನ್ಸಿನ ಲಿಯೋನ್‌ನ ಮಿಶೆಲ್ ಲಾತಾರ್ಜೆ 1954ರಲ್ಲಿ ಪ್ರಕಟಿಸಿದ ವಿಧಾನವಿದು. ಕೊರಕಾಯ್ಡ್ ಎಂಬ ಕೊಕ್ಕೆ ಮೂಳೆಯ ಸುಮಾರು ಎರಡು ಸೆಂ.ಮೀ. ತುದಿಯನ್ನು ಸ್ನಾಯುಗಳ ಸಮೇತ ಕತ್ತರಿಸಿ, ಭುಜದ ಮುಂದಿನ ಸಬ್‌ಸ್ಕ್ಯಾಪುಲಾರಿಸ್ ಸ್ನಾಯುವನ್ನು ಸೀಳಿ ಒಳಗೆ ತೂರಿಸಿ, ಬಟ್ಟಲಿನ ಮುಂದಿನ ಕೆಳಅಂಚಿಗೆ ಎರಡು ಸ್ಕ್ರೂ ಹಾಕುತ್ತಾರೆ. ಬಟ್ಟಲು ಅಗಲವಾಗುತ್ತದೆ, ಕೈಯೆತ್ತಿ ಹೊರಕ್ಕೆ ತಿರುಗಿಸಿದಾಗ ಆ ಸ್ನಾಯುಗಳೇ ಗುಂಡಿಗೆ ಮುಂದಿನಿಂದ ಅಡ್ಡ ನಿಲ್ಲುತ್ತವೆ.

ಇಲ್ಲಿ ಮಿಲಿಮೀಟರ್‌ಗಳೇ ಫಲಿತಾಂಶ ನಿರ್ಧರಿಸುತ್ತವೆ. ಹೀಗೆ ಕೂರಿಸಿದ ಕಸಿಮೂಳೆ ಬಟ್ಟಲಿನ ಮೇಲ್ಮೈಗೆ ಸಮವಾಗಿ ಕೂರಬೇಕು. ಹೊರಚಾಚಿದರೆ ಗುಂಡಿಗೆ ಉಜ್ಜಿ ಕೀಲು ಬೇಗ ಸವೆಯುತ್ತದೆ. ತೀರಾ ಒಳಗಾದರೆ ಗುಂಡು ಮತ್ತೆ ಜಾರುತ್ತದೆ. ಸ್ನಾಯುಗಳನ್ನು ಜಗ್ಗಿದರೆ ಮೊಣಕೈ ಮಡಚುವ ನರ ಸೊರಗಬಹುದು, ಮುಂಗೈಯ ಹೊರಬದಿ ಜೋಮು ಹಿಡಿಯಬಹುದು. ಮೂಳೆ ಕೂಡಿಕೊಳ್ಳದೆ ಸ್ಕ್ರೂ ಸಡಿಲವಾಗುವುದೂ ಉಂಟು.

ಭುಜ ತಪ್ಪುವುದು ನಿಂತಿತೆಂದರೆ ಕೀಲಿನ ಸವೆತವೂ ನಿಂತಿತೆಂದಲ್ಲ. ಸ್ವೀಡನ್ನಿನ ಹೊವೆಲಿಯಸ್ ತಂಡ ಮೊದಲ ಸಲ ಭುಜ ತಪ್ಪಿದವರನ್ನು 25 ವರ್ಷ ಹಿಂಬಾಲಿಸಿದಾಗ ಅರ್ಧಕ್ಕಿಂತ ಹೆಚ್ಚು ಭುಜಗಳಲ್ಲಿ ಒಂದಿಷ್ಟಾದರೂ ಸವೆತ ಕಂಡಿತ್ತು. ಒಂದೇ ಸಲ ತಪ್ಪಿದವೂ ಅದರಲ್ಲಿದ್ದವು. ಪುಟ್ಟಿ–ಪ್ಲಾಟ್ ಎಂಬ ಹಳೆಯ ಶಸ್ತ್ರಚಿಕಿತ್ಸಾ ವಿಧಾನವಂತೂ ಮುಂಭಾಗವನ್ನು ವಿಪರೀತ ಬಿಗಿದು, ಕೈ ಹೊರಕ್ಕೆ ತಿರುಗದಂತೆ ಮಾಡಿ, ತಾನೇ ಸವೆತಕ್ಕೆ ಕಾರಣವಾಯಿತು. ಶಸ್ತ್ರಚಿಕಿತ್ಸೆಯಾದ ಮೇಲೆ ಮೊದಲ ಮೂರ್ನಾಲ್ಕು ವಾರ ಜೋಳಿಗೆಯಲ್ಲಿ ಕೈಯಿಟ್ಟ ಮೇಲೆ, ಹೊರತಿರುವನ್ನು ನಿಧಾನವಾಗಿ ಮರಳಿ ಪಡೆಯುವುದು ಅದಕ್ಕೇ ಮುಖ್ಯ. ಮೈಗೆ ಮೈ ತಾಗುವ ಆಟಕ್ಕೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು.

ಮೂರ್ಛೆರೋಗದಿಂದ ಭುಜ ತಪ್ಪುತ್ತಿದ್ದರೆ ಮೊದಲು ಫಿಟ್ಸ್ ಹತೋಟಿಗೆ ಬರಬೇಕು. ಒಂದು ಸೆಳೆತ ಸಾಕು, ಸ್ಕ್ರೂ ಬಾಗಲು.