ಪ್ರಸಂಗಪೀಠ, ಮತಪೆಟ್ಟಿಗೆ: ಮುಂಬೈಯ ಕನ್ನಡ ಸಭೆಗಳಿಗೊಂದು ಅಧ್ಯಯನ ಟಿಪ್ಪಣಿ

ಚುನಾವಣೆ ಬಂದಾಗ ಕ್ರೈಸ್ತ ಸಭೆಗಳು ಎರಡು ಕಡೆ ಎಡವುತ್ತವೆ. ಕೆಲವು ಕಡೆ ರಾಜಕೀಯದ ಮಾತೇ ಪಾಪವೆಂಬಂತೆ ಬಾಯಿ ಕಟ್ಟಿಕೊಳ್ಳುತ್ತಾರೆ. ಕೆಲವು ಕಡೆ ಆರಾಧನೆ ಮುಗಿದ ಕೂಡಲೇ ಅಭ್ಯರ್ಥಿಯ ಕೈಗೆ ಮೈಕ್ ಹೋಗುತ್ತದೆ. ಮೊದಲನೆಯವರು ‘ಕೈಸರನದು (ರೋಮ್ ಚಕ್ರವರ್ತಿಯದು) ಕೈಸರನಿಗೆ’ ಎಂಬ ವಚನವನ್ನು ಆಧಾರವಾಗಿ ಹೇಳುವುದುಂಟು. ಆದರೆ ಮತ್ತಾಯ 22ರಲ್ಲಿ, ತೆರಿಗೆ ಕೊಡಬೇಕೋ ಎಂದು ಕೇಳಿದವರನ್ನು ಯೇಸು ಮೊದಲು ಕೇಳುವುದು ನಾಣ್ಯದ ಮೇಲಿರುವುದು ಯಾರ ಮುದ್ರೆ ಎಂದು. ನಾಣ್ಯದ ಮೇಲೆ ಕೈಸರನ ರೂಪ. ಮನುಷ್ಯನ ಮೇಲೆ, ಆದಿಕಾಂಡ 1:27ರ ಪ್ರಕಾರ, ದೇವರ ಸ್ವರೂಪ. ತೆರಿಗೆ ಕೊಡಬೇಕು, ಮನಸ್ಸಾಕ್ಷಿಯನ್ನು ಒಪ್ಪಿಸಬೇಕಾಗಿಲ್ಲ. ಅಧಿಕಾರಿಗಳಿಗೆ ಅಧೀನರಾಗಿರಿ ಎನ್ನುವ ರೋಮಾಪುರ 13ನ್ನು, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎನ್ನುವ ಅಪೊಸ್ತಲರ ಕೃತ್ಯಗಳು 5:29ರ ಜೊತೆಗೇ ಓದಬೇಕು.

ಇನ್ನು ಕಾನೂನು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಮಿನಂತೆ ಧರ್ಮದ ಹೆಸರಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ‘ಇವರಿಗೆ ಮತ ಹಾಕದಿದ್ದರೆ ದೇವರು ಮುನಿಯುತ್ತಾನೆ’ ಎಂದು ಹೆದರಿಸುವುದು 123(2)ರಲ್ಲಿ ಬರುತ್ತದೆ. ಅದು ಅನುಚಿತ ಪ್ರಭಾವ. ಕಲಿಯುವವರು ಇವೆರಡನ್ನು ಒಂದೇ ಎಂದು ಬರೆದುಬಿಡುತ್ತಾರೆ. ಇನ್ನೊಂದು ಸೂಕ್ಷ್ಮವಿದೆ: ಈ ಮಾತನ್ನು ಅಭ್ಯರ್ಥಿ ಅಥವಾ ಅವರ ಏಜೆಂಟ್ ಆಡಿರಬೇಕು, ಬೇರೆಯವರು ಆಡಿದ್ದರೆ ಅಭ್ಯರ್ಥಿಯ ಅಥವಾ ಚುನಾವಣಾ ಏಜೆಂಟರ ಒಪ್ಪಿಗೆ ಇತ್ತೆಂದು ತೋರಿಸಬೇಕು. ಪಾಸ್ಟರ್ ತಾವಾಗಿ ಆಡಿದ ಮಾತಿಗೆ ಆಯ್ಕೆ ರದ್ದಾಗುವುದಿಲ್ಲ. ತಕರಾರು ಅರ್ಜಿಯನ್ನು ಫಲಿತಾಂಶ ಬಂದ 45 ದಿನಗಳೊಳಗೆ ಹೈಕೋರ್ಟಿಗೆ ಹಾಕಬೇಕು.

123(3)ನೇ ಕಲಮಿನ ದೊಡ್ಡ ತೀರ್ಪು ಹುಟ್ಟಿದ್ದು ನಮ್ಮ ಮುಂಬೈಯಲ್ಲೇ. 1990ರ ವಿಧಾನಸಭಾ ಚುನಾವಣೆಯಲ್ಲಿ ಸಾಂತಾಕ್ರೂಜ್‌ನಿಂದ ಗೆದ್ದ ಅಭಿರಾಮ್ ಸಿಂಗ್ ಅವರ ಆಯ್ಕೆಯನ್ನು ಸಿ.ಡಿ. ಕಾಮಚೆನ್ ಪ್ರಶ್ನಿಸಿದರು. ಕಲಮಿನಲ್ಲಿರುವ ‘ಅವನ ಧರ್ಮ’ ಎಂದರೆ ಅಭ್ಯರ್ಥಿಯದ್ದು ಮಾತ್ರವೋ, ಮತದಾರನದೂ ಸೇರಿತೋ? 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4–3ರಲ್ಲಿ ಮತದಾರನದೂ ಸೇರುತ್ತದೆ ಎಂದಿತು. ಭಿನ್ನಮತದ ಮೂವರ ಕಳಕಳಿಯನ್ನೂ ಓದಬೇಕು: ಧರ್ಮದ, ಜಾತಿಯ ಕಾರಣಕ್ಕೆ ಅನ್ಯಾಯ ಅನುಭವಿಸಿದವರು ಅದನ್ನು ಚುನಾವಣೆಯಲ್ಲಿ ಹೇಳಿಕೊಳ್ಳಲು ಜಾಗ ಉಳಿಯಬೇಕು. ಬೀದರ್, ಕಲಬುರಗಿ ಕಡೆಯಿಂದ ಬಂದ ದಲಿತ ಕ್ರೈಸ್ತ ಕುಟುಂಬಗಳಿಗೆ ಇದು ಪುಸ್ತಕದ ಚರ್ಚೆಯಲ್ಲ. ಯಾವ ಧರ್ಮದವರಿಗೆ ಪರಿಶಿಷ್ಟ ಜಾತಿಯ ಸ್ಥಾನ ಸಿಗುತ್ತದೆಂದು ಹೇಳುವ 1950ರ ಪರಿಶಿಷ್ಟ ಜಾತಿ ಆದೇಶದ 3ನೇ ಪ್ಯಾರಾ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ತೆರೆದುಕೊಂಡಿತು; ಕ್ರೈಸ್ತರು, ಮುಸಲ್ಮಾನರು ಇನ್ನೂ ಹೊರಗೇ ಇದ್ದಾರೆ. ತಮ್ಮನ್ನೂ ಸೇರಿಸಬೇಕೆಂಬ ಬೇಡಿಕೆಯನ್ನು ಎಲ್ಲ ಪಕ್ಷಗಳ ಮುಂದೆ ಇಡುವುದು ತಪ್ಪಲ್ಲ. ‘ನಮ್ಮವನು, ಕ್ರೈಸ್ತ, ಅದಕ್ಕೇ ಮತ ಹಾಕಿ’ ಎಂದರೆ ಗೆರೆ ದಾಟಿದಂತೆ.

ಜಾಗದ ವಿಷಯಕ್ಕೆ 1988ರ ಕಾಯ್ದೆಯೇ ಬೇರೆ ಇದೆ. ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆಯುವ ಈ ಕಾಯ್ದೆ ಪ್ರಸಂಗಪೀಠದ ಮಾತಿಗಷ್ಟೇ ನಿಲ್ಲದೆ ಸಂಸ್ಥೆಯ ಒಡೆತನದ ಹಾಲ್, ಅಂಗಳ, ಹಣಕ್ಕೂ ಅನ್ವಯಿಸುತ್ತದೆ. ಶಿಕ್ಷೆ 5 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಅಭ್ಯರ್ಥಿಗಳನ್ನು ಕರೆದು ಪ್ರಶ್ನೆ ಕೇಳಬೇಕೆಂದಿದ್ದರೆ ಹೊರಗಡೆ ಬಾಡಿಗೆ ಹಾಲ್ ಹಿಡಿಯಿರಿ. ಬಾಡಿಗೆ ಕಾಣಿಕೆಯ ಹಣದಿಂದ ಹೋಗಬಾರದು.

ಸಭೆ ಧೈರ್ಯವಾಗಿ ಮಾಡಬಹುದಾದ ಕೆಲಸ ಮತದಾರರ ಪಟ್ಟಿಯದು. ಪಟ್ಟಿ ಸೇರಲು 18 ತುಂಬಿರಬೇಕಾದ ದಿನಗಳು ಈಗ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ನಮೂನೆ 6 ಮೊದಲ ಬಾರಿ ಹೆಸರು ಸೇರಿಸುವವರಿಗೆ. ಹುಟ್ಟೂರಿನ ಪಟ್ಟಿಯಲ್ಲಿ ಹೆಸರಿದ್ದವರು ವಿಳಾಸ ಬದಲಾವಣೆಗೆ ನಮೂನೆ 8 ತುಂಬಬೇಕು. ಹೆಚ್ಚು ತಪ್ಪಾಗುವುದು ಇಲ್ಲೇ. ಊರಿನ ಹೆಸರು ಮುಚ್ಚಿಟ್ಟು 6 ತುಂಬಿದರೆ ಸುಳ್ಳು ಘೋಷಣೆಯಾಗುತ್ತದೆ, 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 31ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸಜೆಯಿದೆ. ನಾಮಪತ್ರ ಸಲ್ಲಿಕೆಯ ಕೊನೇ ದಿನ ಕಳೆದ ಮೇಲೆ ಆ ಚುನಾವಣೆಗೆ ಪಟ್ಟಿ ಬದಲಾಗುವುದಿಲ್ಲ. ಆದ್ದರಿಂದ ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ ಈಗಲೇ ಮನೆಮನೆಯ ಹೆಸರು ನೋಡಿಕೊಳ್ಳಿ.