ಗೀರು ಬಿದ್ದ ಡಿಸ್ಕು, ಮೂವರು ಜೋಯಿಸರು

ಆಟಿಯ ಮಳೆಗೆ ಅಡಕೆ ಮರವೊಂದು ಬಿದ್ದು ಇಂಟರ್ನೆಟ್ಟಿನ ತಂತಿ ತುಂಡಾಗಿ ಮೂರು ದಿನವಾಗಿತ್ತು. ಕರೆಂಟು ಮಾತ್ರ, ಯಾರ ಪುಣ್ಯವೋ, ಇತ್ತು. ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮ ಮನೆಗೆ ಭಾವ ಬಂದಿದ್ದರು. ಕಪಾಟಿನ ತಳದಿಂದ ಹಳೆಯ ಡಿವಿಡಿ ಪ್ಲೇಯರು ಎಳೆದು, ಬೂಷ್ಟಿನ ವಾಸನೆ ಹೊಡೆಯುವ ಡಬ್ಬಿಯಿಂದ ‘ಮೈನಾರಿಟಿ ರಿಪೋರ್ಟ್’ ತೆಗೆದು ಹಾಕಿದೆ. 2002ರ ಸಿನಿಮಾ, ಸ್ಟೀವನ್ ಸ್ಪಿಲ್‌ಬರ್ಗ್ ನಿರ್ದೇಶನ. ಕತೆ ನಡೆಯುವುದು 2054ರ ವಾಷಿಂಗ್ಟನ್ನಿನಲ್ಲಿ. ನೀರಿನ ತೊಟ್ಟಿಯಲ್ಲಿ ಅರೆನಿದ್ದೆಯಲ್ಲಿ ತೇಲುವ ಮೂವರು ಮುಂದೆ ನಡೆಯಲಿರುವ ಕೊಲೆಗಳನ್ನು ಕಾಣುತ್ತಾರೆ. ಪೊಲೀಸರು ಕೊಲೆಗೆ ಮುನ್ನವೇ ಹೋಗಿ ಕೊಲೆಗಾರನನ್ನು ಹಿಡಿಯುತ್ತಾರೆ. ಒಂದು ದಿನ ಆ ಪೊಲೀಸ್ ಪಡೆಯ ಮುಖ್ಯಸ್ಥನ ಹೆಸರೇ ಉರುಳಿ ಬರುತ್ತದೆ.

ಹತ್ತು ನಿಮಿಷ ಆಗಿರಲಿಲ್ಲ, ಭಾವ ಕುರ್ಚಿಯಲ್ಲಿ ಮುಂದೆ ಬಾಗಿದರು. “ಇದು ನಮ್ಮ ಪ್ರಶ್ನೆಚಿಂತನೆಯ ಹಾಂಗೇ ಇದ್ದನ್ನೆ! ಮೂರು ಜೋಯಿಸರು ಒಂದೇ ಹೇಳಿರೆ ಮತ್ತೆ ಸಂಶಯ ಎಂತ?”

ಇಂಥ ಮಾತಿಗೆ ನನಗೆ ಸಾಮಾನ್ಯವಾಗಿ ಮೈ ಉರಿಯುತ್ತದೆ. ಆ ದಿನವೂ ಉರಿಯಿತು. ಆದರೆ ಮತ್ತೆ ಯೋಚಿಸಿದಾಗ, ಇಡೀ ಸಿನಿಮಾದ ಗಂಟು ಇರುವುದೇ ಭಾವ ಕೇಳಿದ ಪ್ರಶ್ನೆಯಲ್ಲಿ ಅನ್ನಿಸಿತು. ಕೈಯಾಡಿಸಿ ನಡೆಸುವ ಗಾಜಿನ ಪರದೆ, ಕಣ್ಣಿನ ಗುರುತು ಓದಿ ಹೆಸರು ಹಿಡಿದು ಕರೆಯುವ ಜಾಹೀರಾತು, ಇವನ್ನೆಲ್ಲ ‘ಆಗಲೇ ಹೇಳಿದ್ದರು ನೋಡಿ’ ಎಂದು ಕೊಂಡಾಡುವವರು ಬೇಕಾದಷ್ಟು ಇದ್ದಾರೆ. ಆಧಾರ್‌ಗೆ ಕಣ್ಣು ಕೊಟ್ಟು ಬಂದ ನಮಗೆ ಅದರಲ್ಲಿ ಈಗ ಬೆರಗು ಉಳಿದಿಲ್ಲ. ನನಗೆ ಈ ಸಲ ಕಂಡದ್ದು ಬೇರೆ. ಇದು ಭವಿಷ್ಯ ಹೇಳುವವರ ಕತೆಯೇ ಅಲ್ಲ, ತಪ್ಪು ತಿದ್ದುವವರ ಕತೆ.

ಮೂಲ ಕತೆ ಫಿಲಿಪ್ ಕೆ. ಡಿಕ್ ಅವರದು, ಅಚ್ಚಾದದ್ದು 1956ರಲ್ಲಿ. ಮೂವರು ಯಾಕೆ ಎಂಬುದಕ್ಕೆ ಅಲ್ಲಿ ಡಿಕ್ ಕಂಪ್ಯೂಟರಿನ ಉದಾಹರಣೆಯನ್ನೇ ಕೊಡುತ್ತಾರೆ. ಒಂದು ಯಂತ್ರದ ಲೆಕ್ಕ ಸರಿಯೋ ಎಂದು ನೋಡಲು ಎರಡನೆಯದು ಬೇಕು. ಎರಡೂ ಬೇರೆ ಬೇರೆ ಉತ್ತರ ಕೊಟ್ಟರೆ ಪಂಚಾಯಿತಿಗೆ ಮೂರನೆಯದು ಬೇಕು. ಇಬ್ಬರ ಮಾತು ಗೆಲ್ಲುತ್ತದೆ, ಒಬ್ಬನದು ಮೂಲೆಗೆ. ಆ ಒಬ್ಬನ ಹೇಳಿಕೆಯೇ ಮೈನಾರಿಟಿ ರಿಪೋರ್ಟ್. ಅದೇ 1956ರಲ್ಲಿ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಅವರ ಪ್ರಬಂಧವೊಂದು ಪ್ರಕಟವಾಯಿತು: ನಂಬಲಾಗದ ಬಿಡಿಭಾಗಗಳಿಂದ ನಂಬಬಹುದಾದ ಯಂತ್ರ ಕಟ್ಟುವುದು ಹೇಗೆ? ಅವರ ಉತ್ತರದಲ್ಲಿಯೂ ಮೂರು ಪ್ರತಿ, ಬಹುಮತ. ಕತೆಗಾರನೂ ಗಣಿತಜ್ಞನೂ ಒಂದೇ ವರ್ಷ ಒಂದೇ ಬಾಗಿಲು ತಟ್ಟಿದ್ದಾರೆ! (1956 ಅಂದರೆ ಕಾಸರಗೋಡಿನವರಿಗೆ ಬೇರೊಂದು ನೆನಪು. ಆ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿ ಭಾಷಾ ಅಲ್ಪಸಂಖ್ಯಾತರಾದೆವು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಬರೆದ ವರದಿ ಕಪಾಟಿನಲ್ಲೇ ಉಳಿಯಿತು. ಮೂಲೆಗೆ ಬಿದ್ದ ವರದಿ ಎಂದರೇನೆಂದು ನಮಗೆ ಸಿನಿಮಾ ನೋಡಿ ತಿಳಿಯಬೇಕಿಲ್ಲ.)

ಬಹುಮತದ ಉಪಾಯ ಕೆಲಸ ಮಾಡುತ್ತದೆ, ಆದರೆ ಒಂದು ಕಟ್ಟಳೆಯಿದೆ: ಮೂವರೂ ತಪ್ಪುವುದಾದರೆ ಬೇರೆ ಬೇರೆ ಕಾರಣಕ್ಕೆ ತಪ್ಪಬೇಕು. ಭಾವನ ಮೂವರು ಜೋಯಿಸರೂ ಒಂದೇ ಪಂಚಾಂಗ ಬಿಡಿಸಿದವರು. ಪಂಚಾಂಗದಲ್ಲೇ ಅಚ್ಚಿನ ದೋಷವಿದ್ದರೆ ಮೂವರೂ ಒಕ್ಕೊರಲಿನಿಂದ ಅದನ್ನೇ ಓದುತ್ತಾರೆ. ಕೇಳಿದವನಿಗೆ ನಂಬಿಕೆ ಮೂರು ಪಟ್ಟಾಗುತ್ತದೆ, ತಪ್ಪು ಹಾಗೆಯೇ ಇರುತ್ತದೆ. ಇದು ನಮ್ಮ ಊರಿನ ದಡ್ಡತನ ಮಾತ್ರ ಅಂದುಕೊಳ್ಳಬೇಡಿ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಒಂದು ನಿಮಿಷವೂ ಪೂರೈಸದೆ ಚೂರಾಯಿತು. ದಿಕ್ಕು ಹೇಳುವ ಯಂತ್ರಗಳು ಅದರಲ್ಲಿ ಎರಡಿದ್ದವು, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಎರಡಕ್ಕೂ ಒಂದೇ ಸಾಫ್ಟ್‌ವೇರ್. 16 ಬಿಟ್ಟಿನ ಜಾಗಕ್ಕೆ ಹಿಡಿಸದಷ್ಟು ದೊಡ್ಡ ಸಂಖ್ಯೆ ಬಂದಾಗ ಎರಡೂ ಒಂದೇ ರೀತಿ ಕೈಚೆಲ್ಲಿದವು. ಅವೂ ಒಂದೇ ಪಂಚಾಂಗ ಓದಿದ್ದವು! ಅಮೆರಿಕದ ಸ್ಪೇಸ್ ಶಟಲ್ಲಿನಲ್ಲಿ ಹೆಚ್ಚು ಜಾಗ್ರತೆ ಇತ್ತು. ನಾಲ್ಕು ಕಂಪ್ಯೂಟರುಗಳಿಗೆ ಒಂದೇ ಪ್ರೋಗ್ರಾಂ ಕೊಟ್ಟು, ಐದನೆಯದಕ್ಕೆ ಬೇರೆಯವರ ಕೈಯಲ್ಲಿ ಬೇರೆಯೇ ಬರೆಸಿದ್ದರು.

ಸಿನಿಮಾದ ಮೂವರ ಮನಸ್ಸೂ ಒಂದಕ್ಕೊಂದು ಹೆಣೆದುಕೊಂಡಿದೆ. ಅಗಥಾ ಇಲ್ಲದೆ ಉಳಿದಿಬ್ಬರಿಗೆ ಏನೂ ಕಾಣುವುದಿಲ್ಲ. ಅಂದರೆ ಅದು ಮೂರು ಸಾಕ್ಷಿಯಲ್ಲ, ಒಂದೂವರೆ. ಸಾಲದ್ದಕ್ಕೆ ಅವರಿಗೆ ಕಂಡದ್ದೇ ಮತ್ತೆ ಕಾಣುವುದುಂಟು. ನೌಕರರು ಅದನ್ನು ‘ಮಾರ್ದನಿ’ ಎಂದು ಅಳಿಸಿ ಹಾಕುತ್ತಾರೆ. ಇದನ್ನು ಬಲ್ಲ ಒಬ್ಬ, ಆಗಲೇ ತಡೆದ ಕೊಲೆಯ ತದ್ರೂಪವಾಗಿ ಇನ್ನೊಂದು ಕೊಲೆ ಮಾಡಿ ಮುಗಿಸುತ್ತಾನೆ. ನಿಜವಾದ ಕೊಲೆ ಮಾರ್ದನಿಯ ಲೆಕ್ಕದಲ್ಲಿ ಅಳಿಸಿಹೋಗುತ್ತದೆ. ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಅಧಿಕಾರಿಗೆ ಗುಟ್ಟು ತಿಳಿಯುವುದು ಕೊಲೆ ನಡೆದ ಕೆರೆಯ ನೀರಿನಿಂದ: ಎರಡರಲ್ಲೂ ಮುಖ, ಬಟ್ಟೆ ಒಂದೇ, ನೀರಿನ ಕಿರು ಅಲೆಗಳು ಮಾತ್ರ ಒಂದರಲ್ಲಿ ಅತ್ತ, ಇನ್ನೊಂದರಲ್ಲಿ ಇತ್ತ. ನಡುವೆ ಗಾಳಿ ತಿರುಗಿತ್ತು.

ಅಷ್ಟು ಹೊತ್ತಿಗಾಗಲೇ ನಮ್ಮ ಡಿಸ್ಕು ಒಮ್ಮೆ ಕೈಕೊಟ್ಟಿತ್ತು. ನಾಯಕ ಐಸು ತುಂಬಿದ ಸ್ನಾನದ ತೊಟ್ಟಿಯಲ್ಲಿ ಉಸಿರು ಬಿಗಿಹಿಡಿದು ಮುಳುಗಿದ್ದಾನೆ, ಜೇಡದಂಥ ಪುಟ್ಟ ಯಂತ್ರಗಳು ಕಣ್ಣು ಹುಡುಕುತ್ತ ಕೋಣೆಗೆ ಬಂದು ಇನ್ನೇನು ಹೊರಟಿವೆ, ಆಗ ಪರದೆ ತುಂಬ ಬಣ್ಣಬಣ್ಣದ ಚೌಕಗಳು. ಎರಡು ಸೆಕೆಂಡು ಕಳೆದು ಚಿತ್ರ ಬಂದಾಗ ಜೇಡಗಳು ತೊಟ್ಟಿಯತ್ತ ವಾಪಸು ಬರುತ್ತಿವೆ. “ಅದು ಎಂತಕೆ ತಿರುಗಿ ಬಂತು?” ಭಾವನ ಪ್ರಶ್ನೆ. ಹೊರತೆಗೆದು ನೋಡಿದರೆ ಅಂಚಿನ ಹತ್ತಿರ ಹೆಬ್ಬೆಟ್ಟಿನ ಜಿಡ್ಡು, ಅದರ ಕೆಳಗೆ ಉಗುರುದ್ದದ ಗೀರು. ಎರಡು ಪದರದ ಸಿನಿಮಾ ಡಿಸ್ಕು ಸಾಮಾನ್ಯವಾಗಿ ಒಳಗಿನಿಂದ ಹೊರಕ್ಕೆ ಓದಿ, ಎರಡನೆಯ ಪದರದಲ್ಲಿ ಹೊರಗಿನಿಂದ ಒಳಕ್ಕೆ ಮರಳುತ್ತದೆ. ಅದಕ್ಕೇ ಅಂಚು ಕೆಟ್ಟರೆ ಹೊಡೆತ ಬೀಳುವುದು ಕತೆಯ ನಟ್ಟನಡುವೆ.

ಆದರೆ ಆಶ್ಚರ್ಯಪಡಬೇಕಾದದ್ದು ಡಿಸ್ಕು ಅಲ್ಲಿ ನಿಂತದ್ದಕ್ಕಲ್ಲ, ಉಳಿದ ಕಡೆ ನಿಲ್ಲದ್ದಕ್ಕೆ. ಡಿವಿಡಿಯ ಸುರುಳಿ ಸಾಲುಗಳ ನಡುವಿನ ಅಂತರ 0.74 ಮೈಕ್ರಾನ್, ಒಂದು ತಲೆಗೂದಲ ದಪ್ಪದಲ್ಲಿ ನೂರರ ಹತ್ತಿರ ಸಾಲು ಹಿಡಿಸುತ್ತವೆ. ಬರಿಗಣ್ಣಿಗೆ ಕಾಣುವ ಗೀರೊಂದು ಸಾವಿರಾರು ಅಕ್ಷರಗಳಿಗೆ ಅಡ್ಡ ಬರಬಲ್ಲದು. ಆದರೂ ಚಿತ್ರ ಸ್ವಚ್ಛ. ಮೂರು ಪ್ರತಿ ಇಟ್ಟಿದ್ದಾರೆಯೇ? ಹಾಗೆ ಮಾಡಿದ್ದರೆ 145 ನಿಮಿಷದ ಈ ಸಿನಿಮಾಕ್ಕೆ ಮೂರು ಪಟ್ಟು ಜಾಗ ಬೇಕಿತ್ತು. ಇಲ್ಲಿರುವುದು ಮತದಾನ ಅಲ್ಲ, ಅಡಕೆ ತೋಟ.

ತೋಟ ಇಡುವಾಗ ಹಗ್ಗ ಹಿಡಿದು, ಒಂಬತ್ತು ಅಡಿಗೊಂದರಂತೆ ಗಿಡ ನೆಡುತ್ತೇವಲ್ಲ? ಸಾಲಿನಲ್ಲಿ ಒಂದು ಗಿಡ ಸತ್ತರೆ ಅದು ಎಲ್ಲಿತ್ತೆಂದು ಯಾರನ್ನೂ ಕೇಳಬೇಕಿಲ್ಲ, ಉಳಿದವೇ ಹೇಳುತ್ತವೆ. ಒಂದನ್ನು ವಾರೆ ನೆಟ್ಟರೆ ದೂರದಿಂದಲೇ ಕಣ್ಣಿಗೆ ಚುಚ್ಚುತ್ತದೆ. ಎರಡು ಬಿಂದುಗಳಿಂದ ಒಂದು ಗೆರೆ ನಿಶ್ಚಯವಾಗುತ್ತದೆ. ಅದೇ ಗೆರೆಯ ಮೇಲೆ ಇನ್ನೂ ಎರಡು ಬಿಂದು ಹೆಚ್ಚಿಗೆ ಬರೆದಿಟ್ಟರೆ ಯಾವ ಎರಡು ಅಳಿಸಿದರೂ ಗೆರೆ ಉಳಿಯುತ್ತದೆ. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಮಾಡಿದ್ದು ಇದನ್ನೇ; ಗೆರೆಯ ಬದಲು ಹೆಚ್ಚು ಬಳುಕುವ ಬಹುಪದೋಕ್ತಿ, ಸಾಮಾನ್ಯ ಸಂಖ್ಯೆಗಳ ಬದಲು ಗಡಿಯಾರದ ಮುಳ್ಳಿನಂತೆ ತನ್ನೊಳಗೇ ಸುತ್ತುವ ಗಣಿತ. ಅವರಿಗೂ ಮೊದಲು ಬೆಲ್ ಲ್ಯಾಬ್ಸ್‌ನಲ್ಲಿ ರಿಚರ್ಡ್ ಹ್ಯಾಮಿಂಗ್ ಇದ್ದರು. ವಾರಾಂತ್ಯದಲ್ಲಿ ಅವರು ಕೊಟ್ಟ ಲೆಕ್ಕವನ್ನು ಯಂತ್ರ ‘ತಪ್ಪಿದೆ’ ಎಂದು ಅರ್ಧಕ್ಕೇ ಕೈಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ತಪ್ಪಿದೆ ಎಂದು ತಿಳಿಯುವ ಯಂತ್ರಕ್ಕೆ ಎಲ್ಲಿ ಎಂದು ಯಾಕೆ ತಿಳಿಯಬಾರದು ಎಂಬ ಆ ಸಿಟ್ಟಿನಿಂದ 1950ರ ಪ್ರಬಂಧ ಹುಟ್ಟಿತು. ಸಿಟ್ಟಿಗೂ ಇಂಥ ಫಸಲುಂಟು.

ಡಿವಿಡಿಯ ತೋಟಕ್ಕೆ ಅಡ್ಡಸಾಲು, ಉದ್ದಸಾಲು ಎರಡೂ ಇವೆ. ಒಂದು ಕಟ್ಟಿನಲ್ಲಿ 208 ಅಡ್ಡಸಾಲು, ಸಾಲಿಗೆ 182 ಬೈಟ್. ಅದರಲ್ಲಿ ನಿಜವಾದ ಬೆಳೆ 192 ಸಾಲು, ಸಾಲಿಗೆ 172 ಬೈಟ್; ಉಳಿದದ್ದು ತಪ್ಪು ತಿದ್ದಲು ಹೆಚ್ಚಿಗೆ ಬರೆದಿಟ್ಟ ಬೇಲಿ. ಎಂಟರಲ್ಲಿ ಸುಮಾರು ಒಂದು ಪಾಲು, ಅಷ್ಟೇ. ಒಂದು ಅಡ್ಡಸಾಲಿನಲ್ಲಿ ಐದು ಬೈಟ್ ತಪ್ಪಿದ್ದರೆ ಆ ಸಾಲೇ ತಿದ್ದಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ‘ಈ ಸಾಲು ನನ್ನ ಕೈಯಲ್ಲಾಗದು’ ಎಂದು ಗುರುತು ಹಾಕಿ ಬಿಡುತ್ತದೆ. ಆಗ ಉದ್ದಸಾಲಿನ ಸರದಿ. ಗಾಳಿಗೆ ಒಂದು ಅಡ್ಡಸಾಲು ಪೂರ್ತಿ ಮುರಿದು ಬಿದ್ದರೂ ಉದ್ದಕ್ಕೆ ನಿಂತು ನೋಡಿದರೆ ಪ್ರತಿ ಸಾಲಿನಲ್ಲಿ ತಪ್ಪಿರುವುದು ಒಂದೊಂದೇ ಮರ! ಹೀಗೆ ಗುರುತು ಹಾಕಿದ 16 ಸಾಲುಗಳನ್ನು ಮರಳಿ ಕಟ್ಟಬಹುದು. ಗುರುತು ಹಾಕದೆ ಸುಳ್ಳೇ ಸೇರಿಕೊಂಡಿದ್ದರೆ ಎಂಟನ್ನು ಮಾತ್ರ. ‘ಗೊತ್ತಿಲ್ಲ’ ಎಂದದ್ದನ್ನು ತುಂಬಲು ಬೇಕಾಗುವ ಬೇಲಿಗಿಂತ ತಪ್ಪು ಹೇಳಿದ್ದನ್ನು ತಿದ್ದಲು ಎರಡರಷ್ಟು ಬೇಲಿ ಬೇಕು. ಇದನ್ನು ಹೇಳುವಾಗ ಭಾವನ ಮುಖ ನೋಡಿದೆ. ಇಷ್ಟು ವರ್ಷದಲ್ಲಿ ‘ಗೊತ್ತಿಲ್ಲ’ ಎಂದ ಒಬ್ಬ ಜೋಯಿಸನನ್ನು ಅವರೂ ಕಂಡಿರಲಿಲ್ಲ.

ಒರೆಸುವ ವಿಷಯ. ಡಿಸ್ಕನ್ನು ಕಾವಲಿ ಉಜ್ಜಿದ ಹಾಗೆ ಸುತ್ತ ಉಜ್ಜಬಾರದು. ಸುರುಳಿಯ ಗುಂಟ ಬಿದ್ದ ಗೀರು ಒಂದೇ ಕಡೆ ಉದ್ದಕ್ಕೆ ತಿನ್ನುತ್ತದೆ. ನಡುವಿನಿಂದ ಅಂಚಿಗೆ ಬಿದ್ದದ್ದು ಪ್ರತಿ ಸುತ್ತಿನಲ್ಲಿ ಚೂರೇ ಚೂರು. ಟೂತ್‌ಪೇಸ್ಟಿನ ಮನೆಮದ್ದನ್ನು ನಾನು ಪೂರ್ತಿ ಅಲ್ಲಗಳೆಯಲಾರೆ. ಅಕ್ಷರಗಳಿರುವುದು ಪ್ಲಾಸ್ಟಿಕ್ಕಿನ 0.6 ಮಿಲಿಮೀಟರ್ ಆಳದಲ್ಲಿ. ಮೇಲಿನ ಗೀರು ಅವನ್ನು ಅಳಿಸುವುದಿಲ್ಲ, ಬೆಳಕನ್ನು ದಾರಿ ತಪ್ಪಿಸುತ್ತದೆ ಅಷ್ಟೇ. ಗೀರಿನ ಅಂಚು ನಯವಾದರೆ ಕೆಲವೊಮ್ಮೆ ಓದಲು ಬರುತ್ತದೆ.

ನಾನು ಹಳೆಯ ಪಂಚೆಯ ತುದಿಗೆ ಒಂದು ಹನಿ ನೀರು ತಾಗಿಸಿ, ನಡುವಿನಿಂದ ಅಂಚಿಗೆ ನೇರ ಎಳೆದೆ. ಜಿಡ್ಡು ಹೋಯಿತು, ಗೀರು ಇದ್ದಲ್ಲೇ ಇತ್ತು. ಉಳಿದದ್ದು ರೀಡ್ ಮತ್ತು ಸಾಲೊಮನ್ನರ ಜವಾಬ್ದಾರಿ. ಮತ್ತೆ ಹಾಕಿದೆ. ಐಸಿನ ತೊಟ್ಟಿ, ಮುಳುಗಿದ ಮುಖ, ಬಾಗಿಲತ್ತ ಹೊರಟ ಜೇಡಗಳು. ಚೌಕಗಳು ಬರಲಿಲ್ಲ. ನಾಯಕನ ಮೂಗಿನ ಹೊಳ್ಳೆಯಿಂದ ಗಾಳಿಯ ಒಂದೇ ಒಂದು ಗುಳ್ಳೆ ಹೊರಟು, ಮೇಲೇರಿ, ಒಡೆಯಿತು. ಜೇಡಗಳು ನಿಂತವು.

“ಓ,” ಎಂದರು ಭಾವ, “ಗುಳ್ಳೆ.”