ಎಬ್‌ಸ್ಟೋರ್ಫ್ ಭೂಪಟ: ಮೂಲ ಸುಟ್ಟಿತು, ಪ್ರತಿಗಳು ಉಳಿದವು

ಮಧ್ಯಯುಗದ ವಿಶ್ವ ಭೂಪಟವಾದ ಹೆರೆಫರ್ಡ್ ಭೂಪಟದ ಪ್ರತಿಯಲ್ಲಿ ಅನುಮಾನ ಬಂದರೆ ಇಂಗ್ಲೆಂಡಿನ ಕೆಥೆಡ್ರಲ್ಲಿನಲ್ಲಿರುವ ಮೂಲದ ಜೊತೆ ತಾಳೆ ನೋಡಬಹುದು. ಅದೇ ಬಗೆಯ, ಜರ್ಮನಿಯ ಎಬ್‌ಸ್ಟೋರ್ಫ್ ಭೂಪಟಕ್ಕೆ ಆ ಆಸರೆ ಇಲ್ಲ.

1830ರ ಸುಮಾರಿಗೆ ಎಬ್‌ಸ್ಟೋರ್ಫ್ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಸಿಕ್ಕ ಈ ಪಟದ ಕಾಲ 1300ರ ಆಸುಪಾಸು ಎಂಬುದು ಹಲವು ವಿದ್ವಾಂಸರ ಅಂದಾಜು. 30 ಆಡಿನ ತೊಗಲುಗಳನ್ನು ಹೊಲಿದು ಮಾಡಿದ್ದು. ಉದ್ದ, ಅಗಲ ಎರಡೂ ಸುಮಾರು 3.6 ಮೀಟರ್. ಪೂರ್ವ ದಿಕ್ಕು ಮೇಲಕ್ಕಿದೆ. ಅಲ್ಲಿ ಕ್ರಿಸ್ತನ ತಲೆ, ಎಡಬಲಕ್ಕೆ ಕೈಗಳು, ಬುಡದಲ್ಲಿ ಪಾದ, ನಡುವೆ ಜೆರೂಸಲೆಂ. ಉತ್ತರ ಮೇಲಿರಲೆಂದು ಪ್ರತಿಯನ್ನು ತಿರುಗಿಸಿ ಚೌಕಟ್ಟು ಹಾಕಿದರೆ ಕ್ರಿಸ್ತನೇ ಅಡ್ಡ ಬೀಳುತ್ತಾನೆ.

1943ರ ಅಕ್ಟೋಬರಿನಲ್ಲಿ ಆಗ ಪಟವಿದ್ದ ಹ್ಯಾನೋವರ್ ನಗರದ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಪಟ ಸುಟ್ಟುಹೋಯಿತು. ಮುಖ್ಯವಾಗಿ ಉಳಿದದ್ದು ಎರಡು: 1891ರಲ್ಲಿ ಅರ್ನ್ಸ್ಟ್ ಸೊಮರ್‌ಬ್ರೋಟ್ ಪ್ರಕಟಿಸಿದ ಕಪ್ಪು-ಬಿಳುಪು ಫೋಟೋ ಮುದ್ರಣ, 1896ರಲ್ಲಿ ಕೊನ್ರಾಡ್ ಮಿಲ್ಲರ್ ತಂದ ಚಿಕ್ಕ ಅಳತೆಯ ಬಣ್ಣದ ಪ್ರತಿ. ಗೆರೆ, ಅಕ್ಷರಗಳಿಗೆ ಮೊದಲನೆಯದನ್ನೇ ನಂಬಬೇಕು. ಬಣ್ಣಕ್ಕೆ ಎರಡನೆಯದೇ ಗತಿ. ಯುದ್ಧಾನಂತರ ರುಡಾಲ್ಫ್ ವೀನೆಕೆ ತೊಗಲಿನ ಮೇಲೆ ತಯಾರಿಸಿದ 4 ಪ್ರತಿಗಳಿಗೂ ಹಳೆಯ ಮುದ್ರಣಗಳೇ ಆಧಾರ. ಹಾಗಾಗಿ "ಮೂಲ ಬಣ್ಣ" ಎಂದು ಮಾರುವ ಯಾವ ಅಚ್ಚನ್ನೂ ಒಪ್ಪಲಾಗದು.

ಪ್ರತಿ ಮಾಡುವವರು ಎಡವುವುದು ಹೆಚ್ಚಾಗಿ ಅಳತೆಯಲ್ಲಿ. 90 ಸೆಂಟಿಮೀಟರಿಗೆ ಇಳಿಸಿದರೆ 4 ಮಿಲಿಮೀಟರಿನ ಅಕ್ಷರ 1 ಮಿಲಿಮೀಟರಾಗುತ್ತದೆ. ಒರಟು ಕಾಗದದಲ್ಲಿ ಶಾಯಿ ಹರಡಿ ಓದಲಾಗದು. ಡಿಜಿಟಲ್ ಚಿತ್ರದಿಂದ ಮುದ್ರಿಸುವುದಾದರೆ ಆ ಅಗಲಕ್ಕೆ ಇಂಚಿಗೆ 300 ಚುಕ್ಕೆಯಂತೆ ಸುಮಾರು 10,600 ಪಿಕ್ಸೆಲ್ ಬೇಕು, ಕಾಗದ ನಯವಾದ ಹತ್ತಿಯದಾಗಿರಬೇಕು. ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚೊತ್ತುವ ಕಲ್ಲಚ್ಚಿನಲ್ಲಿ (ಲಿಥೋಗ್ರಾಫಿ) ತೊಡಕು ಬೇರೆ. ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ನಡುವೆ ತೇವದಿಂದ ಹಾಳೆ 1 ಮಿಲಿಮೀಟರ್ ಹಿಗ್ಗಿದರೂ ಬಣ್ಣ ಗೆರೆ ದಾಟುತ್ತದೆ. ಆದ್ದರಿಂದ ಹಾಳೆಗಳನ್ನು ಅಚ್ಚಿನ ಕೋಣೆಯ ಹವೆಗೆ ಮೊದಲೇ ಒಗ್ಗಿಸಿಡಬೇಕು. ಬ್ರಷ್ಷಿನಿಂದ ಬಣ್ಣ ತುಂಬುವುದಾದರೆ ಮೊದಲು ಹಾಳೆಗೆ ತೆಳುವಾಗಿ ಜೆಲಟಿನ್ ಬಳಿಯಬೇಕು, ಇಲ್ಲವಾದರೆ ನೀರುಬಣ್ಣ ಇಂಗಿಹೋಗುತ್ತದೆ.

ಹಳೆಯ ಕಾಲದ ತಾಮ್ರದ ಕಿಲುಬಿನ ಹಸಿರಂತೂ ಬೇಡವೇ ಬೇಡ. ಅದು ಕಾಗದವನ್ನು ತಿಂದು ಕಂದಾಗಿಸುತ್ತದೆ. ಕ್ರೋಮಿಯಂ ಆಕ್ಸೈಡ್ ಹಸಿರು ಸ್ಥಿರ. ಪ್ರಾಚೀನವಾಗಿ ಕಾಣಲೆಂದು ಚಹಾ ಬಳಿಯುವ ರೂಢಿಯೂ ಕೆಟ್ಟದ್ದು. ಅದರ ಆಮ್ಲದಿಂದ ಹಾಳೆ ವರ್ಷಗಳಲ್ಲಿ ಪೆಡಸಾಗಿ ಮಡಿಕೆಯಲ್ಲಿ ಮುರಿಯುತ್ತದೆ. ಆ ಮಬ್ಬು ಬೇಕೆಂದರೆ ಅಂಬರ್ (umber) ಎಂಬ ಕಂದು ಮಣ್ಣಿನ ಬಣ್ಣವನ್ನೇ ತೆಳ್ಳಗೆ ಹಚ್ಚಿದರಾಯಿತು.